ಇಂಬು

ಇರುವ ಮನೆ ಸಾಲದೆಂಬುದು ಮನುಷ್ಯನ ಹಳೆಯ ದೂರುಗಳಲ್ಲಿ ಒಂದು. ಒಂಬತ್ತಂಕಣದ ಮನೆಯವನು ಹನ್ನೆರಡಂಕಣಕ್ಕೆ ಆಸೆಪಟ್ಟನು. ಹನ್ನೆರಡಂಕಣದವನು ಹಿತ್ತಿಲಿನ ಕಡೆಗೆ ಮತ್ತೊಂದು ಮಾಡನ್ನು ಇಳಿಸಿಕೊಂಡನು. ಇಂದು ಪಟ್ಟಣದ ಅಪಾರ್ಟ್‌ಮೆಂಟಿನಲ್ಲಿ ಎರಡು ಕೋಣೆಗಳ ಮನೆಯನ್ನು ಕೊಂಡುಕೊಂಡವರ ಬಾಯಲ್ಲಿಯೂ ಇದೇ ದೂರು. ಆದರೆ ಇವರಿಗೆ ಮಾಡು ಇಳಿಸಲು ಹಿತ್ತಿಲಿಲ್ಲ, ಮೇಲೆ ಕಟ್ಟಲು ಮಾಳಿಗೆಯಿಲ್ಲ. ಮೇಲಿನ ಮನೆಯವರ ನೆಲವೇ ಇವರ ಸೂರು. ಇವರ ನೆಲವೇ ಕೆಳಗಿನವರ ಸೂರು. ಇಂಥಲ್ಲಿ ಇಂಬೆಂಬುದು ಹಣ ಕೊಟ್ಟು ತರುವ ಪದಾರ್ಥವೋ, ಇರುವುದರೊಳಗೆ ಮಾಡಿಕೊಳ್ಳತಕ್ಕ ಪದಾರ್ಥವೋ ಎಂದು ವಿಚಾರಮಾಡಿ ನೋಡುವುದು ಅನುಚಿತವಾಗಲಾರದು.

ಈ ವಿಚಾರದಲ್ಲಿ ಪಾಠ ಹೇಳಿಸಿಕೊಳ್ಳುವುದಕ್ಕೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯು ತಕ್ಕ ಸ್ಥಳ. ಮಲೆನಾಡಿನಲ್ಲಿ ಸುರಿದು ಉಳಿದ ಮಳೆಯೇ ಇಲ್ಲಿಗೆ ಬರತಕ್ಕದ್ದು. ಒಂದು ವರ್ಷ ಬೆಳೆದರೆ ಮರುವರ್ಷವೂ ಬೆಳೆದೀತೆಂಬ ಭರವಸೆ ಇಲ್ಲಿನ ಒಕ್ಕಲಿಗನಿಗೆ ಎಂದೂ ಇದ್ದುದಲ್ಲ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆ ಬೇರೆಡೆ ಬುದ್ಧಿವಾದ. ಇಲ್ಲಿ ಅದು ಬದುಕುವ ಬಗೆ. ಚಿತ್ರದುರ್ಗದ ಮಗ್ಗುಲಲ್ಲಿರುವ ಚಂದ್ರವಳ್ಳಿಯಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣ ಅವರು 1929ರಲ್ಲಿ ಬೆಳಕಿಗೆ ತಂದ ಕದಂಬ ಮಯೂರಶರ್ಮನ ಬಂಡೆಗಲ್ಲಿನ ಶಾಸನವು ಪ್ರಾಕೃತ ಭಾಷೆಯದು. ಸುಮಾರು ಕ್ರಿ. ಶ. 4ನೆಯ ಶತಮಾನದ ಆ ಅರಸನು ತಾನು ಗೆದ್ದ ನಾಡುಗಳ ಹೆಸರುಗಳೊಡನೆ ಅಲ್ಲಿ ಬರೆಯಿಸಿದುದು ಒಂದು ತಟಾಕದ ಸಂಗತಿಯನ್ನು. ನಾಡುಗಳು ಕೈಬಿಟ್ಟವು, ಕೆರೆಯ ಮಾತು ಕಲ್ಲಿನಲ್ಲಿ ನಿಂತಿತು.

ಊರ ಮೇಲಣ ಏಳು ಸುತ್ತಿನ ಕೋಟೆಯನ್ನು ಹತ್ತುವವರು ಸಾಮಾನ್ಯವಾಗಿ ಬಾಗಿಲುಗಳನ್ನೂ ಬತೇರಿಗಳನ್ನೂ ನೋಡಿ ಬೆರಗಾಗುತ್ತಾರೆ. ಗೃಹಕೃತ್ಯವನ್ನು ಬಲ್ಲ ಹೆಂಗಸೊಬ್ಬಳು ಹತ್ತಿದರೆ ಅವಳ ಕಣ್ಣು ಮೊದಲು ಹೋಗುವುದು ಬಂಡೆಗಳ ಮರೆಯಲ್ಲಿರುವ ಕಣಜಗಳ ಕಡೆಗೆ, ಎಣ್ಣೆಯನ್ನು ತುಂಬಿಡುತ್ತಿದ್ದ ಕೊಳಗಳ ಕಡೆಗೆ, ನೀರಿನ ಹೊಂಡಗಳ ಕಡೆಗೆ. ಮುತ್ತಿಗೆಯಲ್ಲಿ ಕೋಟೆಯನ್ನು ಕಾಯುವುದು ಎಷ್ಟು ಗೋಡೆಯೋ ಅಷ್ಟೇ ಉಗ್ರಾಣ. ಅದರಲ್ಲಿಯೂ ಹೊಂಡಗಳ ಏರ್ಪಾಟು ಗಮನಿಸತಕ್ಕದ್ದು. ಗೋಪಾಲಸ್ವಾಮಿ ಹೊಂಡ ತುಂಬಿದ ಮೇಲೆ ಹೆಚ್ಚಿನ ನೀರು ಅಕ್ಕತಂಗಿಯರ ಹೊಂಡಕ್ಕೆ ಇಳಿಯುವುದು. ಅಲ್ಲಿಂದ ಸಿಹಿನೀರು ಹೊಂಡಕ್ಕೆ. ಕೊನೆಗೆ ಊರೊಳಗಣ ಸಂತೆಹೊಂಡಕ್ಕೆ. ತನ್ನ ಪಾಲನ್ನು ಇಟ್ಟುಕೊಂಡು ಮಿಕ್ಕುದನ್ನು ಕೆಳಕ್ಕೆ ಬಿಡುವುದೇ ಪ್ರತಿಯೊಂದು ಹೊಂಡದ ಧರ್ಮ.

ಇದೇ ಸೀಮೆಯ ಹಳೆಯ ಮನೆಗಳನ್ನು ಕಟ್ಟಿದವರು ಯಾವ ವಿದ್ಯಾಶಾಲೆಯಲ್ಲಿಯೂ ಓದಿದವರಲ್ಲ. ಆದರೂ ನಾಲ್ಕು ಗೋಡೆಗಳ ನಡುವೆ ಏನೇನು ಹಿಡಿಯುವುದೆಂಬ ಲೆಕ್ಕ ಅವರಿಗೆ ಚೆನ್ನಾಗಿ ತಿಳಿದಿತ್ತು. ಗೋಡೆ ಒಂದೂವರೆ ಮೊಳ ದಪ್ಪವೆಂದಾಗ ಅದರ ಹೊಟ್ಟೆಯಲ್ಲಿಯೇ ಗೂಡುಗಳು: ದೀಪಕ್ಕೊಂದು, ಕುಂಕುಮದ ಭರಣಿಗೊಂದು, ಪಂಚಾಂಗಕ್ಕೊಂದು. ಬಾಗಿಲುವಾಡದ ಎತ್ತರದಲ್ಲಿ ಗೋಡೆಯುದ್ದಕ್ಕೂ ನಾಗಂದಿಗೆ. ಅದರ ಮೇಲೆ ದಿನವೂ ಬೇಡದ ಪಾತ್ರೆಗಳು. ತೊಲೆಗೆ ಕಟ್ಟಿದ ನೆಲುವಿನಲ್ಲಿ ಬೆಕ್ಕಿಗೂ ಇರುವೆಗೂ ಎಟುಕದಂತೆ ಹಾಲು ಮೊಸರು. ಮೂಲೆಯಲ್ಲಿ ಅಡಕಲು: ಕೆಳಗೆ ದೊಡ್ಡ ಗಡಿಗೆ, ಅದರ ಮೇಲೆ ಅದಕ್ಕಿಂತ ಚಿಕ್ಕದು, ಅದರ ಮೇಲೆ ಮತ್ತೂ ಚಿಕ್ಕದು, ಒಂದೇ ಗಡಿಗೆ ನಿಲ್ಲುವ ನೆಲದಲ್ಲಿ ಉಪ್ಪು, ಹುಣಿಸೆ, ಮೆಣಸಿನಕಾಯಿ, ಬೇಳೆ, ಬೆಲ್ಲ ಐದೂ ನಿಂತವು. ಅಟ್ಟದ ಮೇಲೆ ಸೌದೆ, ಸೌತೆಕಾಯಿ, ವರ್ಷಕ್ಕೊಮ್ಮೆ ಬೇಕಾಗುವ ಚಪ್ಪರದ ಸಾಮಾನು. ಹಾಸಿಗೆಗಳು ಬೆಳಗಾದೊಡನೆ ಸುರುಳಿಯಾಗಿ ಗಳುವಿನ ಮೇಲೇರುತ್ತಿದ್ದುದರಿಂದ ರಾತ್ರಿ ಹತ್ತು ಜನ ಮಲಗಿದ ನಡುಮನೆಯೇ ಹಗಲು ಹತ್ತು ಜನರ ಊಟದ ಮನೆ. ಕಾಳು ಕಡ್ಡಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ಬೇವಿನ ಸೊಪ್ಪನ್ನು ನಡುನಡುವೆ ಹಾಕಿ ವಾಡೆಗಳಲ್ಲಿ ತುಂಬುತ್ತಿದ್ದರು.

ರಾಗಿಗೆ ಮಾತ್ರ ಮನೆಯೊಳಗಣ ಇಂಬು ಸಾಲದು. ಅದಕ್ಕೆ ನೆಲದೊಳಗಣ ಹಗೇವು. ಗಟ್ಟಿನೆಲದಲ್ಲಿ ಕಿರಿದಾದ ಬಾಯಿಯನ್ನೂ ಹಿರಿದಾದ ಹೊಟ್ಟೆಯನ್ನೂ ತೋಡಿ, ಹುಲ್ಲು ಹಾಸಿ, ರಾಗಿಯನ್ನು ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರುಷಗಳು ಕಳೆದರೂ ರಾಗಿ ಕೆಡದು. ಹಗೇವಿನ ವಿಷಯದಲ್ಲಿ ಹಿರಿಯರು ಕಟ್ಟುನಿಟ್ಟಾಗಿ ನಡೆಯಿಸಿಕೊಂಡು ಬಂದ ಕಟ್ಟಳೆಯೊಂದುಂಟು. ಬಹುಕಾಲ ಮುಚ್ಚಿದ್ದ ಹಗೇವಿನ ಬಾಯಿಯನ್ನು ತೆರೆದೊಡನೆ ಯಾರೂ ಒಳಕ್ಕೆ ಇಳಿಯಕೂಡದು. ಕೆಲಹೊತ್ತು ಗಾಳಿಗೆ ಬಿಟ್ಟು, ಹಗ್ಗದಲ್ಲಿ ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯತಕ್ಕದ್ದು. ಧಾನ್ಯವೂ ಉಸಿರಾಡುವ ವಸ್ತುವಾದುದರಿಂದ ಒಳಗಣ ಒಳ್ಳೆಯ ಗಾಳಿ ತೀರಿ ಕೆಟ್ಟ ಗಾಳಿ ತಳದಲ್ಲಿ ನಿಂತಿರುವುದು. ಈ ಎಚ್ಚರವನ್ನು ಮರೆತು ಪ್ರಾಣ ಕಳೆದುಕೊಂಡವರೂ ಉಂಟು. ಬಚ್ಚಿಟ್ಟದ್ದು ಬಹುಕಾಲ ಮುಚ್ಚಿಕೊಂಡಿದ್ದರೆ ಬಚ್ಚಿಟ್ಟವರನ್ನೇ ತೆಗೆಯಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ.

ಹಳೆಯ ಮನೆಗೆ ಮತ್ತೊಂದು ಅನುಕೂಲವಿತ್ತು. ಅದನ್ನು ಯಾರೂ ಅನುಕೂಲವೆಂದು ತಿಳಿದಿರಲಿಲ್ಲ. ವರ್ಷಕ್ಕೊಮ್ಮೆ ಹಬ್ಬದ ಮುಂಚೆ ಸುಣ್ಣ ಬಳಿಯಬೇಕು, ಕೆಮ್ಮಣ್ಣು ಸಾರಿಸಬೇಕು. ಅದಕ್ಕಾಗಿ ಮನೆಯ ಸಮಸ್ತ ಸಾಮಾನೂ ಅಂಗಳಕ್ಕೆ ಬರಬೇಕು. ಬಿಸಿಲಿನಲ್ಲಿ ಎಲ್ಲರ ಕಣ್ಣಿಗೂ ಬಿದ್ದ ಮೇಲೆ ಮುರಿದದ್ದು ತಿಪ್ಪೆಗೆ ಹೋಗುತ್ತಿತ್ತು, ಹೆಚ್ಚಾದದ್ದು ಕೇಳಿದವರ ಮನೆಗೆ ಹೋಗುತ್ತಿತ್ತು, ಬೇಕಾದದ್ದು ಮಾತ್ರ ಒಳಕ್ಕೆ ಮರಳುತ್ತಿತ್ತು. ಸುಣ್ಣವು ಗೋಡೆಯನ್ನು ಬೆಳ್ಳಗೆ ಮಾಡಿದ್ದಕ್ಕಿಂತ ಮನೆಯನ್ನು ಹಗುರಮಾಡಿದ್ದೇ ಹೆಚ್ಚು. ಈಗಣ ಬಣ್ಣ ಎಂಟು ಹತ್ತು ವರ್ಷ ಮಾಸುವುದಿಲ್ಲ. ಆದಕಾರಣ ಎಂಟು ಹತ್ತು ವರ್ಷ ಸಾಮಾನೂ ಅಲುಗುವುದಿಲ್ಲ.

ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವ ಕಡೆಯ ಒಂದು ಹಳ್ಳಿಯಲ್ಲಿ ಇಂಥದೊಂದು ಒಂಬತ್ತಂಕಣದ ಮನೆಯಿತ್ತು. ಯಜಮಾನರು ಶಾಲೆಯ ಉಪಾಧ್ಯಾಯರಾಗಿದ್ದು ನಿವೃತ್ತರಾಗಿ ಕಾಲವಾದರು. ಉಳಿದವರು ಅವರ ಪತ್ನಿ, ಎಪ್ಪತ್ತು ದಾಟಿದ ಹಿರಿಯರು. ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು, ತುಮಕೂರು ರಸ್ತೆಯ ಕಡೆ ಅಪಾರ್ಟ್‌ಮೆಂಟಿನ ನಾಲ್ಕನೆಯ ಅಂತಸ್ತಿನಲ್ಲಿ ಎರಡು ಕೋಣೆಗಳ ಮನೆಯನ್ನು ಸಾಲಮಾಡಿ ಕೊಂಡಿದ್ದನು. ಮಾಳಿಗೆ ಸೋರತೊಡಗಿ, ತೊಲೆಗೆ ಗೆದ್ದಲು ಹತ್ತಿ, ಒಬ್ಬರೇ ಇರುವುದು ದುಸ್ತರವಾದಾಗ ತಾಯಿಯವರು ಮಗನ ಮನೆಗೆ ಬರಲು ಒಪ್ಪಿದರು. ಒಪ್ಪುವಾಗ ಅವರು ಕೇಳಿದ್ದು ಒಂದೇ ಮಾತು: "ಸಾಮಾನನ್ನು ಏನು ಮಾಡೋಣ?" ಮಗನು ತಾಯಿಯ ಮೇಲಣ ಪ್ರೀತಿಯಿಂದ, ಲೆಕ್ಕವನ್ನು ಮರೆತು, "ಎಲ್ಲವನ್ನೂ ತರೋಣ" ಎಂದುಬಿಟ್ಟನು.

ಕೊಂಡ ಪತ್ರದಲ್ಲಿ 850 ಚದರಡಿಯೆಂದಿದ್ದ ಆ ಮನೆಯಲ್ಲಿ ಕಾಲಿಡಲು ಸಿಕ್ಕುತ್ತಿದ್ದುದು 610 ಚದರಡಿ. ಇದರಲ್ಲಿ ಮೋಸವೇನೂ ಇಲ್ಲ. ಮೆಟ್ಟಿಲು, ಲಿಫ್ಟು, ಓಣಿ ಮೊದಲಾದವುಗಳ ಪಾಲನ್ನು ಸೇರಿಸಿ ಹೇಳುವ ವಿಸ್ತೀರ್ಣ ಬೇರೆ, ಹೊರಗೋಡೆಯನ್ನೂ ಬಾಲ್ಕನಿಯನ್ನೂ ಬಿಟ್ಟು ಒಳಗಿನ ಉಪಯುಕ್ತ ನೆಲವನ್ನು ಮಾತ್ರ ಅಳೆದು ಹೇಳುವ ಕಾರ್ಪೆಟ್ ವಿಸ್ತೀರ್ಣ ಬೇರೆ. ಈ ಎರಡನೆಯದನ್ನೇ ಸ್ಪಷ್ಟವಾಗಿ ತಿಳಿಸಬೇಕೆಂದು 2016ರ ಸ್ಥಿರಾಸ್ತಿ ಕಾಯಿದೆಯು ವಿಧಿಸಿತು. ಇನ್ನು ಮೆಟ್ಟಿಲೂ ಓಣಿಯೂ 1972ರ ಕರ್ನಾಟಕದ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯ ಮೇರೆಗೆ ಎಲ್ಲ ಒಡೆಯರಿಗೂ ಅವಿಭಕ್ತವಾಗಿ ಸೇರಿದ ಸ್ವತ್ತು. ಹಳ್ಳಿಯಲ್ಲಿ ಜಗಲಿಯ ಮೇಲೆ ಮೂಟೆಯಿಟ್ಟರೆ ಯಾರೂ ಕೇಳರು. ಇಲ್ಲಿ ಓಣಿಯಲ್ಲಿ ಚಪ್ಪಲಿಯ ಗೂಡನ್ನಿಟ್ಟರೂ ಕೇಳುವವರುಂಟು, ಕೇಳುವುದು ನ್ಯಾಯವೂ ಹೌದು. ಬೆಂಕಿ ಬಿದ್ದ ರಾತ್ರಿಯಲ್ಲಿ ನೂರು ಜನ ಓಡಬೇಕಾದ ದಾರಿ ಅದು.

ಲಾರಿ ಬಂದು ನಿಂತಿತು. ತಾಮ್ರದ ಹಂಡೆ, ಹಿತ್ತಾಳೆಯ ಕೊಳಗಗಳು, ಮೂರು ಟ್ರಂಕು, ಏಳು ಜಾಡಿ, ಶಾವಿಗೆಯ ಮಣೆ, ಬೀಸುವ ಕಲ್ಲು, ಮಗನು ಆಡಿದ ತೊಟ್ಟಿಲು, ಯಜಮಾನರ ಪುಸ್ತಕಗಳ ಎರಡು ಚೀಲ, ಎರಡು ಮೊರ, ಅತ್ತೆಯ ಅತ್ತೆಯ ಕಾಲದ ಒಂದು ಒನಕೆ. ಮೊದಲನೆಯ ವಾರದಲ್ಲಿ ಎಲ್ಲಕ್ಕೂ ಇಂಬು ಸಿಕ್ಕಿದಂತೆ ಕಂಡಿತು. ಕೋಣೆಗಳ ಮೇಲಣ ಸಜ್ಜಗಳು ತುಂಬಿದವು, ಮಂಚಗಳ ಅಡಿ ತುಂಬಿತು, ಬಾಲ್ಕನಿ ತುಂಬಿ ಬಟ್ಟೆ ಒಣಗಿಸುವ ತಂತಿ ಎಟುಕದಂತಾಯಿತು. ಎರಡನೆಯ ತಿಂಗಳಲ್ಲಿ ಸಜ್ಜದಿಂದ ಕೊಳಗವನ್ನು ತೆಗೆಯಲು ಸ್ಟೂಲು ಹತ್ತಿದ ಮಗನ ಭುಜದ ಮೇಲೆ ಹಿತ್ತಾಳೆಯ ತಟ್ಟೆಗಳು ಬಿದ್ದವು. ಗಾಯ ದೊಡ್ಡದಲ್ಲ, ಆದರೆ ಅಂದಿನಿಂದ ಮನೆಯಲ್ಲಿ ಮಾತು ಕಡಮೆಯಾಯಿತು.

ಸೊಸೆ ಒಳ್ಳೆಯವಳು, ಕೆಲಸಕ್ಕೆ ಹೋಗಿ ಬಂದು ಮನೆಯನ್ನೂ ನಡೆಸುವವಳು. ಅವಳು ಒಂದು ಸಂಜೆ, ಬಾಗಿಲ ಹಿಂದೆ ಒರಗಿಸಿದ್ದ ಒನಕೆ ಜಾರಿ ಮಗುವಿನ ಪಕ್ಕದಲ್ಲಿ ಬಿದ್ದಾಗ, ಗಂಡನೊಡನೆ ಮೆಲ್ಲಗೆ, "ಯಾವತ್ತೂ ಉಪಯೋಗಿಸದ ವಸ್ತುವಿಗೆ ಮನೆಯಲ್ಲಿ ಏಕೆ ಜಾಗ?" ಎಂದಳು. ಹೇಳಿದ್ದು ಒನಕೆಯನ್ನು ಕುರಿತು. ಒಳಗಿನ ಕೋಣೆಯಲ್ಲಿ ಅದನ್ನು ಕೇಳಿದವರು ತಮ್ಮನ್ನು ಕುರಿತೆಂದು ತಿಳಿದರು. ಆ ರಾತ್ರಿ ಅವರು ಊಟಕ್ಕೆ ಏಳಲಿಲ್ಲ. ಚಿಕ್ಕ ಮನೆಯ ಕಷ್ಟವು ಪೂರ್ಣವಾಗಿ ತಿಳಿಯಬೇಕಾದರೆ ಈ ಸ್ಥಳಕ್ಕೆ ಬರಬೇಕು. ಅಲ್ಲಿ ಸಾಮಾನಿಗೂ ಮನುಷ್ಯರಿಗೂ ಅಂತರ ಕಡಮೆ. ಒಂದನ್ನು ಸರಿಸಿದರೆ ಮತ್ತೊಬ್ಬರಿಗೆ ತಗಲುವುದು.

ಬೆಳಗಾದ ಮೇಲೆ ಆ ಹಿರಿಯರು ಸೊಸೆಯನ್ನು ಕರೆದು, "ಒಂದು ತಿಂಗಳು ನನಗೆ ಬಿಡಮ್ಮ, ಈ ಮನೆಯನ್ನು ನಾನು ಓದಿ ನೋಡುತ್ತೇನೆ" ಎಂದರು. ಉಪಾಧ್ಯಾಯರ ಮನೆಯ ಮಾತು ಅದು. ಅಡುಗೆಮನೆಯ ಗೋಡೆಗೆ ತೂಗಿದ್ದ ಕ್ಯಾಲೆಂಡರಿನ ಹಿಂಬದಿಯಲ್ಲಿ ಮನೆಯ ಎಲ್ಲ ಸಾಮಾನುಗಳ ಹೆಸರನ್ನೂ ಮೊಮ್ಮಗಳ ಕೈಯಲ್ಲಿ ಬರೆಯಿಸಿದರು. ಯಾವ ವಸ್ತುವನ್ನು ಯಾರು ಮುಟ್ಟಿದರೂ ಅದರ ಹೆಸರಿನ ಮುಂದೆ ಒಂದು ಗೀಟು. ತಿಂಗಳು ತುಂಬಿದಾಗ ಪಟ್ಟಿ ತಾನೇ ಮಾತಾಡಿತು. ಕೆಲವಕ್ಕೆ ಗೀಟುಗಳ ಸಾಲು. ಕೆಲವಕ್ಕೆ ಒಂದೋ ಎರಡೋ. ಹೆಚ್ಚಿನವಕ್ಕೆ ಏನೂ ಇಲ್ಲ. ಗೀಟಿಲ್ಲದವುಗಳಲ್ಲಿ ಅವರು ತಂದ ಹಂಡೆಯಿದ್ದಂತೆಯೇ ಸೊಸೆ ಕೊಂಡು ತಂದ ನಾಲ್ಕು ಬಗೆಯ ಯಂತ್ರಗಳೂ ಇದ್ದವು. ಅತ್ತೆಯ ವಸ್ತುವಿಗೂ ಸೊಸೆಯ ವಸ್ತುವಿಗೂ ಒಂದೇ ಅಳತೆಗೋಲು ಬಿದ್ದುದರಿಂದ ಜಗಳಕ್ಕೆ ಎಡೆಯುಳಿಯಲಿಲ್ಲ.

ತರುವಾಯ ಹಳೆಯ ಮನೆಯ ನ್ಯಾಯವನ್ನೇ ಹೊಸ ಮನೆಗೆ ಹಚ್ಚಿದರು. ದಿನದಿನವೂ ಬೇಕಾದದ್ದು ಸೊಂಟಕ್ಕೂ ಕಣ್ಣಿಗೂ ನಡುವಣ ಎತ್ತರದಲ್ಲಿ. ತಿಂಗಳಿಗೊಮ್ಮೆ ಬೇಕಾದದ್ದು ಅದಕ್ಕಿಂತ ಕೆಳಗೆ. ವರ್ಷಕ್ಕೊಮ್ಮೆ ಬೇಕಾದದ್ದು ಮೇಲೆ. ಭಾರವಾದದ್ದು ಮೇಲಕ್ಕೆ ಹೋಗಲೇಕೂಡದು. ಬಾಗಿಲ ಚೌಕಟ್ಟಿನಿಂದ ಸೂರಿನವರೆಗೆ ಪ್ರತಿ ಕೋಣೆಯಲ್ಲಿಯೂ ಎರಡೂವರೆ ಅಡಿಯ ಗಾಳಿ ಬರಿದೆ ನಿಂತಿರುವುದನ್ನು ಅವರು ತೋರಿಸಿದರು. ಬಡಗಿಯನ್ನು ಕರೆಸಿ, ಹತ್ತಡಿ ಚೌಕದ ಕೋಣೆಯ ಮೂರು ಗೋಡೆಗಳಿಗೆ ಒಂದಡಿ ಅಗಲದ ಹಲಗೆಯನ್ನು ಆ ಎತ್ತರದಲ್ಲಿ ಹೊಡೆಯಿಸಿದರು. ಮೂಲೆಗಳನ್ನು ಕಳೆದು 28 ಚದರಡಿ ಹಲಗೆ. ನೆಲದಲ್ಲಿ ಒಂದಂಗುಲವೂ ಕಡಮೆಯಾಗಲಿಲ್ಲ. ಬಡಗಿಯು ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಒಂದು ಹೆಸರು ಹೇಳಿದನು; ಅವರು ಅದನ್ನು ನಾಗಂದಿಗೆಯೆಂದೇ ಕರೆದರು. ಯಜಮಾನರ ಪುಸ್ತಕಗಳು ಅಲ್ಲಿಗೆ ಏರಿದವು. ಟ್ರಂಕುಗಳಲ್ಲಿ ಎರಡು ಬರಿದಾದವು. ಮೂರನೆಯದು ಹಬ್ಬದ ಬಟ್ಟೆಗಳನ್ನು ಹೊತ್ತು, ಮೇಲೆ ಮೆತ್ತೆ ಹೊದ್ದು, ಕಿಟಕಿಯ ಬಳಿ ಕುಳಿತುಕೊಳ್ಳುವ ಪೀಠವಾಯಿತು. ಡಬ್ಬಿಗಳು ಅಡಕಲಿನಂತೆ ಒಂದರ ಮೇಲೊಂದು ನಿಂತವು. ಮಳೆಗಾಲದ ತೇವಕ್ಕಾಗಿ ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದು, ರೇಷ್ಮೆಯ ಮಡಿಕೆಗಳಲ್ಲಿ ಒಣ ಬೇವಿನ ಎಲೆಯನ್ನಿಟ್ಟರು.

ಉಗ್ರಾಣದ ವಿಷಯದಲ್ಲಿ ಮಾತ್ರ ಅವರು ಹಳೆಯ ನ್ಯಾಯವನ್ನು ಬಿಟ್ಟುಕೊಟ್ಟರು. ಹಳ್ಳಿಯಲ್ಲಿ ವರ್ಷದ ರಾಗಿ, ವರ್ಷದ ಹುಣಿಸೆ, ವರ್ಷದ ಮೆಣಸಿನಕಾಯಿ ಇಟ್ಟುಕೊಳ್ಳಬೇಕಾಗಿದ್ದುದು ಬರಗಾಲದ ಭಯದಿಂದ. ನಾಲ್ಕು ಅಂತಸ್ತು ಇಳಿದರೆ ಅಂಗಡಿಯಿರುವಲ್ಲಿ ಆ ಭಯಕ್ಕೆ ಅಷ್ಟು ಜಾಗ ಕೊಡಬೇಕಾಗಿಲ್ಲ. ತಿಂಗಳಿಗೆ ಹತ್ತು ಕಿಲೋ ರಾಗಿ ಸಾಕಾದ ಮನೆಗೆ ಹಗೇವು ಅಂಗಡಿಯವನ ಮನೆಯಲ್ಲಿದ್ದರೆ ಆಯಿತೆಂದರು.

ಈ ಬುದ್ಧಿ ಒಂದು ಸೀಮೆಯ ಸ್ವತ್ತಲ್ಲ. ಜಪಾನಿನ ಹಳೆಯ ಬಗೆಯ ಮನೆಗಳಲ್ಲಿ ಓಶಿಇರೆ ಎಂಬ ಆಳವಾದ ಗೋಡೆಗೂಡು ಇರುವುದು. ರಾತ್ರಿ ಹಾಸಿದ ಹಾಸಿಗೆ ಹಗಲು ಮಡಿಚಿ ಅದರೊಳಕ್ಕೆ ಸೇರುವುದು. ಮಲಗುವ ಮನೆ ಕೂಡುವ ಮನೆಯಾಗುವುದು. ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ 1926ರಲ್ಲಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್‌ಕಿ ಎಂಬ ಮಹಿಳೆ, ಕಾರ್ಮಿಕರಿಗೆ ಕಟ್ಟುತ್ತಿದ್ದ ಮನೆಗಳಿಗಾಗಿ, ರೈಲಿನ ಊಟದ ಡಬ್ಬಿಯ ಅಡುಗೆಮನೆಯನ್ನು ಗಮನಿಸಿ, 1.9 ಮೀಟರ್ ಅಗಲ 3.4 ಮೀಟರ್ ಉದ್ದದ ಅಡುಗೆಮನೆಯೊಂದನ್ನು ಕಲ್ಪಿಸಿದಳು. ಅಕ್ಕಿ, ಸಕ್ಕರೆ ಮೊದಲಾದವಕ್ಕೆ ಹೆಸರು ಬರೆದ ಅಲ್ಯೂಮಿನಿಯಮ್ಮಿನ ಖಾನೆಗಳು. ಹಿಟ್ಟಿಗೆ ಮಾತ್ರ ಹುಳು ಬೀಳದಿರಲೆಂದು ಓಕ್ ಮರದ ಖಾನೆ. ನಮ್ಮವರ ಬೇವಿನ ಸೊಪ್ಪಿಗೂ ಆಕೆಯ ಓಕ್ ಮರಕ್ಕೂ ಉದ್ದೇಶ ಒಂದೇ.

ವಸ್ತುವಿಗೆ ಒಂದು ಸ್ಥಾನವನ್ನು ಗೊತ್ತುಮಾಡುವುದು ಅಂದಕ್ಕಾಗಿ ಮಾತ್ರವಲ್ಲ. ಕತ್ತಲಲ್ಲಿ ಕೈಚಾಚಿದರೂ ಸಿಕ್ಕಬೇಕೆಂಬುದು ಅದರ ಅರ್ಥ. ಹೈದರಾಲಿಯ ದಂಡು ದುರ್ಗವನ್ನು ಮುತ್ತಿದ್ದಾಗ ಕಾವಲುಗಾರನ ಹೆಂಡತಿ ಓಬವ್ವ ಗಂಡನನ್ನು ಊಟಕ್ಕೆ ಕೂರಿಸಿ ನೀರಿಗೆ ಹೋದಳು. ಕಿಂಡಿಯಲ್ಲಿ ಶತ್ರುಗಳು ನುಸುಳುವುದನ್ನು ಕಂಡು ಒನಕೆಯನ್ನು ಹಿಡಿದು ನಿಂತಳೆಂದು ನಾಡಿನ ಪ್ರತೀತಿ. ಕೋಟೆ ಕೊನೆಗೆ 1779ರಲ್ಲಿ ಹೈದರನ ವಶವಾಯಿತು. ಆದರೂ ಆ ಒಂದು ಹೊತ್ತಿನ ಕಥೆ ಇಂದಿಗೂ ಮಕ್ಕಳ ಬಾಯಲ್ಲಿದೆ. ಒನಕೆ ಎಲ್ಲಿದೆಯೆಂದು ಅವಳು ಹುಡುಕಬೇಕಾಗಿ ಬಂದಿದ್ದರೆ ಆ ಕಥೆ ಬೇರೆಯಾಗುತ್ತಿತ್ತು.

ಇಷ್ಟೆಲ್ಲ ಮಾಡಿದ ಮೇಲೆಯೂ ಆ ನಾಲ್ಕನೆಯ ಅಂತಸ್ತಿನ ಮನೆಯಲ್ಲಿ ಸಾಮಾನು ಉಳಿಯಿತು. ಹಲಗೆ ಎಷ್ಟು ಹೊಡೆದರೂ ಒಂದು ದಿನ ತುಂಬಿಯೇ ತುಂಬುವುದು. ಇಲ್ಲಿ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯ ಪಾಠ ಬೇಕಾಗುವುದು. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರವು ಸುಮಾರು 30 ಟಿ.ಎಂ.ಸಿ. ಅಡಿ ನೀರನ್ನು ಹಿಡಿಯಬಲ್ಲದು. ಅದರ ಹಿನ್ನೀರು ಹೊಸದುರ್ಗದ ಸೀಮೆಯವರೆಗೂ ಚಾಚುವುದು. ಬಡ ಮಳೆಯ ಆ ಜಲಾಶಯ 1933ರಲ್ಲಿ ತುಂಬಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದದ್ದು 89 ವರ್ಷಗಳ ತರುವಾಯ, 2022ರ ಸೆಪ್ಟೆಂಬರಿನಲ್ಲಿ. ಅನಂತರ 2025ರ ಜನವರಿಯಲ್ಲಿ. ಎಂಬತ್ತೊಂಬತ್ತು ವರ್ಷ ಒಂದು ಹನಿಯೂ ಹರಿಯದ ಕೋಡಿಯನ್ನು ಕಂಡು, ಇದು ವ್ಯರ್ಥವಾದ ಜಾಗವೆಂದು ಯಾವ ಇಂಜಿನಿಯರನೂ ಮುಚ್ಚಿಸಲಿಲ್ಲ. ಕೋಡಿಯಿಲ್ಲದ ಕೆರೆ ತುಂಬಿದ ದಿನ ಏರಿಯೇ ಒಡೆಯುವುದೆಂದು ಕೆರೆ ಕಟ್ಟುವವರೆಲ್ಲರೂ ಬಲ್ಲರು. ಮನೆ ಕಟ್ಟುವವರೂ ಕೊಳ್ಳುವವರೂ ಇದನ್ನು ಮರೆತಿದ್ದಾರೆ. ಮನೆಯೊಳಕ್ಕೆ ಬರುವ ತೂಬು ದಿನವೂ ತೆರೆದಿದೆ. ಹೊರಕ್ಕೆ ಹೋಗುವ ಕೋಡಿ ಎಲ್ಲಿಯೂ ಇಲ್ಲ.

ಶರಣರ ಕಾಲದ ಒಂದು ಪ್ರಸಂಗವನ್ನು ಆ ಹಿರಿಯರು ಚಿಕ್ಕಂದಿನಿಂದ ಕೇಳಿದವರು. ಮಾರಯ್ಯನೆಂಬ ಶರಣನಿಗೆ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮನೆಯೊಳಕ್ಕೆ ಬಿಡಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಕಳುಹಿಸಿದಳು. ಲಕ್ಕಮ್ಮನ ಗುಡಿಸಲಿನಲ್ಲಿ ಇಂಬಿರಲಿಲ್ಲವೆಂದಲ್ಲ; ಹೆಚ್ಚಿನದಕ್ಕೆ ಇಂಬು ಕೊಡಕೂಡದೆಂಬುದು ಅವಳ ನಿಶ್ಚಯ. ಈ ಪ್ರಸಂಗವನ್ನು ಅವರು ಸೊಸೆಗೆ ಹೇಳಲಿಲ್ಲ. ಮೊದಲು ತಮಗೆ ತಾವೇ ಹೇಳಿಕೊಂಡರು.

ಹಂಡೆಯನ್ನು ಹೊಳಲ್ಕೆರೆಯ ಕಡೆಯ ತಂಗಿಯ ಮನೆಗೆ ಕಳುಹಿಸಿದರು. ಅಲ್ಲಿ ಇನ್ನೂ ಒಲೆಯ ಬಚ್ಚಲಿದೆ. ಕೊಳಗಗಳಲ್ಲಿ ಒಂದನ್ನು ಇಟ್ಟುಕೊಂಡು ಉಳಿದವನ್ನು ಹುಟ್ಟೂರಿನ ದೇವಸ್ಥಾನದ ಪರವಿನ ಅಡುಗೆಗೆ ಕೊಟ್ಟರು. ತೊಟ್ಟಿಲು ಕೆಳಗಿನ ಅಂತಸ್ತಿನ ಬಾಣಂತಿಯ ಮನೆಗೆ ಇಳಿಯಿತು. ಸೊಸೆಯ ಯಂತ್ರಗಳಲ್ಲಿ ಮೂರು ಹೊರಟವು, ಅವಳೇ ಹೊರಡಿಸಿದಳು. ಸಜ್ಜಗಳಲ್ಲಿ ಒಂದನ್ನು ಬರಿದಾಗಿಯೇ ಬಿಡಬೇಕೆಂದೂ, ಯುಗಾದಿಗೆ ಮೊದಲು ಬಣ್ಣವಿರಲಿ ಇಲ್ಲದಿರಲಿ ಸಾಮಾನನ್ನೆಲ್ಲ ಒಮ್ಮೆ ಕೆಳಗಿಳಿಸಬೇಕೆಂದೂ ಗೊತ್ತಾಯಿತು. ಬಹುಕಾಲ ಮುಚ್ಚಿದ್ದನ್ನು ತೆರೆಯುವಾಗ ಹಗೇವಿನ ದೀಪದ ಎಚ್ಚರ ಇಲ್ಲಿಯೂ ಬೇಕಾಯಿತು. ಯಜಮಾನರ ಪೆಟ್ಟಿಗೆಯನ್ನು ತೆರೆದ ದಿನ ಅವರು ಮೊದಲು ಕಿಟಕಿಯನ್ನು ತೆರೆದು, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಧ್ಯಾಹ್ನದ ಹೊತ್ತಿನಲ್ಲಿ ಕಾಗದಗಳನ್ನು ಒಂದೊಂದಾಗಿ ತೆಗೆದರು. ಮೂರರಲ್ಲೆರಡು ಪಾಲು ಹೊರಗೆ ಹೋಯಿತು. ಉಳಿದದ್ದು ಒಂದು ಕೈಚೀಲದಷ್ಟು.

ಇನ್ನುಳಿದುದು ಒನಕೆ. ಅದಕ್ಕೆ ಪಟ್ಟಿಯಲ್ಲಿ ಒಂದು ಗೀಟೂ ಇರಲಿಲ್ಲ. ತಾವೇ ಮಾಡಿದ ಕಟ್ಟಳೆಯಂತೆ ಅದೂ ಹೊರಡತಕ್ಕದ್ದೆಂದು ಅವರು ಬಾಗಿಲ ಬಳಿಗೆ ತಂದು ಒರಗಿಸಿದರು. ಅಷ್ಟರಲ್ಲಿ ಎರಡನೆಯ ಅಂತಸ್ತಿನವರ ಮಗಳಿಗೆ ಮದುವೆ ಗೊತ್ತಾಗಿ, ಒನಕೆಗೆ ಅರಿಶಿನ ಕಟ್ಟಿ ಪೂಜಿಸುವ ಶಾಸ್ತ್ರಕ್ಕೆ ಬೆಂಗಳೂರಿನಲ್ಲೆಲ್ಲ ಹುಡುಕಿ ಬೇಸತ್ತವರು, ಇಲ್ಲೊಂದಿದೆಯೆಂದು ಮೊಮ್ಮಗಳ ಬಾಯಿಂದ ಕೇಳಿ ಬಂದರು. ಒನಕೆಯನ್ನು ಕೇಳಲು ಬಂದವರು ಶಾಸ್ತ್ರ ಮಾಡುವ ಕ್ರಮವನ್ನೂ ಕೇಳಿದರು. ಹಾಡು ಯಾರಿಗೂ ಬಾರದೆಂದರು. ಹಿರಿಯರು ಹೋಗಿ ಕುಳಿತು ಹಾಡಿ ಬಂದರು. ಆ ವರ್ಷ ಅದು ಮತ್ತೆ ಎರಡು ಮನೆಗಳಿಗೆ ಹೋಗಿ ಬಂದಿತು. ಪ್ರತಿಸಾರಿಯೂ ಹಿರಿಯರೂ ಅದರೊಡನೆ ಹೋದರು.

ಈಗ ಅದು ಬಾಗಿಲ ಬಳಿಯ ಮೂಲೆಯಲ್ಲಿ, ಬಡಗಿ ಹಾಕಿಕೊಟ್ಟ ಒಂದು ಮರದ ಬಳೆಯೊಳಗೆ, ಜಾರದಂತೆ ನಿಂತಿದೆ. ಅದಕ್ಕೆ ಬೇಕಾದ ನೆಲ ಒಂದು ಗೇಣು. ಕ್ಯಾಲೆಂಡರಿನ ಹಿಂಬದಿಯ ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ ಮೂರು ಗೀಟುಗಳಿವೆ. ಒನಕೆ ಹೊರಗೆ ಹೋಗಿದ್ದ ದಿನ ಮಗನು ಆ ಮೂಲೆ ಬರಿದಾಗಿರುವುದನ್ನು ಕಂಡು ತನ್ನ ಕೊಡೆಯನ್ನು ಅಲ್ಲಿ ಇಡಹೋದನು. ಸೊಸೆ ಒಳಗಿನಿಂದ ಕರೆದು, "ಅಲ್ಲಿ ಇಡಬೇಡಿ, ಅದು ಅತ್ತೆಯವರ ಜಾಗ" ಎಂದಳು.